ಇಪ್ಪತ್ತೈದು ಸುತ್ತಿನ ಕೌದಿ

1987 ಜುಲೈ 5, ಭಾನುವಾರ

‘ದೀಪಕ್ಕಿಂತ ಮೊದಲು ಮೂಲೆ ಆರುತ್ತದೆ.’ ಇದನ್ನು ಎಲ್ಲಿ ಓದಿದೆ? ಬೆಳಗಿನಿಂದ ನಾಲಗೆಯ ಮೇಲೆ ಕೂತಿದೆ. ‘ಆರುತ್ತದೆ’ ಎಂದಿತ್ತೋ ‘ಅಳಿಯುತ್ತದೆ’ ಎಂದಿತ್ತೋ, ಅದೂ ಖಾತ್ರಿಯಿಲ್ಲ. ಬರೆದವರು ಯಾರೇ ಇರಲಿ, ತಪ್ಪಾಗಿ ಬರೆದಿದ್ದಾರೆ. ಮೂಲೆಗೆ ಸ್ವಂತ ಬೆಳಕು ಎಲ್ಲಿಯದು? ದೀಪ ಆರಿದರೆ ನಡುವೂ ಮೂಲೆಯೂ ಒಟ್ಟಿಗೇ ಕತ್ತಲಾಗಬೇಕು. ಕಪಾಟಿನಲ್ಲಿದ್ದ ಕವನ ಸಂಕಲನಗಳನ್ನು ತಿರುವಿ ನೋಡಿದೆ, ಸಿಗಲಿಲ್ಲ.

ನಿನ್ನೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಓದುವ ಕನ್ನಡಕದ ನಂಬರು ಬದಲಾಗಿರಬೇಕು ಎಂದುಕೊಂಡು ಹೋದದ್ದು. ಅವರು ಎದುರು ಕೂರಿಸಿಕೊಂಡು, “ನನ್ನ ಮೂಗು ನೋಡ್ತಿರ್ರಿ, ಬೆರಳೆಷ್ಟು ಹೇಳ್ರಿ” ಎಂದರು. ಎರಡು ಎಂದೆ. “ಎರಡೂ ಕೈ ತೋರ್ಸೀನಿ ಮೇಡಂ. ಒಟ್ಟು ಐದು ಬೆರಳು” ಎಂದು ಏನೋ ಬರೆದುಕೊಂಡರು. ಕಣ್ಣಿನೊಳಗಿನ ಒತ್ತಡ ಏರಿದೆಯಂತೆ. ಅಂಚಿನಿಂದ ನೋಟವನ್ನು ತಿನ್ನುತ್ತ ಬರುವ ರೋಗ. ನೋವಿಲ್ಲ, ಕೆಂಪಾಗುವುದಿಲ್ಲ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ದಸರೆಯೊಳಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಬೇಕು ಎಂದು ಚೀಟಿ ಬರೆದುಕೊಟ್ಟರು. ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಸಲ ಹನಿ.

ಅವ್ವ ಐವತ್ತು ತುಂಬುವುದರೊಳಗೆ ಪೂರ್ತಿ ಕುರುಡಾದಳು. ಅವಳು ಡಾಕ್ಟರನ್ನೇ ಕಂಡವಳಲ್ಲ. ನನಗೆ ಬರುವ ಮಾರ್ಚಿಗೆ ನಲವತ್ತೆಂಟು. ನಾನು ಓದಿದವಳು, ಹೋಗುತ್ತೇನೆ. ದಸರೆಗೆ ಇನ್ನೂ ಮೂರು ತಿಂಗಳಿದೆ.

ಇವತ್ತು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಬೇಸಿಕ್ ಬಳಗದ ಸಭೆ. ಎರಡು ವರ್ಷದ ಹಿಂದೆ ಸರ್ಕಾರ ಎರಡು ಕಂಪ್ಯೂಟರ್ ಕೊಟ್ಟು, ಒಬ್ಬರನ್ನು ತರಬೇತಿಗೆ ಕಳಿಸಿ ಎಂದಾಗ ಗಣಿತದವರೂ ವಿಜ್ಞಾನದವರೂ ಮನೆ ಬಿಟ್ಟು ಹೋಗಲು ಒಪ್ಪದೆ ಕನ್ನಡ ಎಂ.ಎ. ಮಾಡಿದ ನನ್ನನ್ನು ಮುಂದೆ ತಳ್ಳಿದರು. ಹೋಗಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದೆ. ಕೋಣೆಯ ಕೀಲಿ ನನ್ನ ಕೈಗೆ ಬಂತು. ಈಗ ರಾಯಚೂರು, ಮಾನ್ವಿ, ದೇವದುರ್ಗ ಸೇರಿ ಆ ಭಾಷೆ ಕಲಿತವರು ನಲವತ್ತು ಜನ. ಮೇಷ್ಟ್ರುಗಳು, ಗುಮಾಸ್ತರು, ಬ್ಯಾಂಕಿನವರು. ತಿಂಗಳ ಮೊದಲ ಭಾನುವಾರ ಸೇರುತ್ತೇವೆ, ಒಂದು ಪತ್ರಿಕೆ ಹೊರಡಿಸುತ್ತೇವೆ.

ಪತ್ರಿಕೆಯ ತಲೆಯ ಮೇಲಿನ ಲಾಂಛನದ್ದೇ ಇವತ್ತಿನ ಗಲಾಟೆ. ಪ್ರೆಸ್ಸಿನ ಅಮೀರ್ ಸಾಬ್ ಶುರುವಿನಲ್ಲಿ ತಮ್ಮಲ್ಲಿ ಬಿದ್ದಿದ್ದ ಒಂದು ಹಳೆಯ ಅಚ್ಚಿನ ಬ್ಲಾಕನ್ನು ಪ್ರೀತಿಯಿಂದ ಕೊಟ್ಟಿದ್ದರು. ಮುಚ್ಚಿಹೋದ ಯಾವುದೋ ಹತ್ತಿ ಮಿಲ್ಲಿನದು. ಹಲ್ಲುಚಕ್ರ, ಅದರ ನಡುವೆ ಅರಳಿದ ಹತ್ತಿಕಾಯಿ.

“ಮಾನ್ವಿಯಿಂದ ಮತ್ತ ಪತ್ರ ಬಂದದ” ಎಂದರು ಶಂಶುದ್ದೀನ್. ಬಳಗದ ಕಾರ್ಯದರ್ಶಿ, ನೀರಾವರಿ ಕಚೇರಿಯಲ್ಲಿ ಗುಮಾಸ್ತ. “ಹತ್ತಿ ದರ ಏನು ನಡದದ ಅಂತ ಕೇಳ್ಯಾರ. ಇನ್ನ ನಾವು ಕಂಪ್ಯೂಟರ್ ಬಿಟ್ಟು ಹತ್ತಿ ಮಾರೋದಷ್ಟ ಉಳದದ.”

“ಕುರಿ ಹಾಕ್ರಿ ಸರ” ಎಂದ ಕನಕರಾಯ. ಮಾನ್ವಿ ಹೈಸ್ಕೂಲಿನ ಗಣಿತದ ಮೇಷ್ಟ್ರು, ಕುರಿ ಕಾಯುವ ಮನೆತನ. “ಎಣಿಸೋದು ಮೊದಲ ಕಲ್ತವ್ರು ನಮ್ಮವ್ರ.”

“ಆಮ್ಯಾಲ ಉಣ್ಣಿ ದರ ಕೇಳ್ತಾರ, ಸುಮ್ನಿರೋ ಮಾರಾಯ.”

ನವೆಂಬರ್ 29ಕ್ಕೆ ಮಾನ್ವಿಯಲ್ಲಿ ಬಳಗದ ಮೊದಲ ಸಮ್ಮೇಳನ. ಅಷ್ಟರಲ್ಲಿ ಹೊಸ ಲಾಂಛನ ಬೇಕು. ಪೆನ್ಸಿಲಿನಲ್ಲಿ ಬರೆದದ್ದಲ್ಲ, ಬೇಸಿಕ್ಕಿನಲ್ಲೇ ಬರೆದ ಪ್ರೋಗ್ರಾಮು ಪರದೆಯ ಮೇಲೆ ತಾನೇ ಬಿಡಿಸಬೇಕು. ಕೆಲಸ ನನಗೆ ಬಂತು. ನಾನು ಬೇಡ ಎನ್ನಲಿಲ್ಲ.

ಜುಲೈ 19, ಭಾನುವಾರ

ಹನಿ ಹಾಕಿದ ಮೇಲೆ ಒಂದು ಗಂಟೆ ಲೋಕವೆಲ್ಲ ಸಂಜೆಯಂತೆ ಕಾಣುತ್ತದೆ. ಅದಕ್ಕೆ ಸರಿಯಾಗಿ ನಮ್ಮ ಓಣಿಯ ಕರೆಂಟೂ ಹಾಗೇ. ಊರ ಪಕ್ಕದಲ್ಲೇ ಹೊಗೆಯ ಚಿಮಣಿಗಳು ನಾಡಿಗೆಲ್ಲ ವಿದ್ಯುತ್ ಮಾಡುತ್ತವೆ, ನಮ್ಮ ಬಲ್ಬಿನೊಳಗಿನ ತಂತಿಯನ್ನು ಎಣಿಸಬಹುದು.

ಪ್ರಿನ್ಸಿಪಾಲರು ಕರೆದು, “ಕಣ್ಣಿನ ಡಾಕ್ಟರ್ ಕಡೆ ಹೋಗಿದ್ರಂತಲ್ಲ. ತ್ರಾಸಿದ್ರ ಹೇಳ್ರಿ ಸೂಗಮ್ಮ, ಕೋಣಿ ಬ್ಯಾರೇವ್ರಿಗೆ ಒಪ್ಸೋಣು” ಎಂದರು. ಕನ್ನಡಕದ ನಂಬರು ಅಷ್ಟೇ ಎಂದೆ. ಸುಳ್ಳು ಹೇಳಿದೆ ಎಂದು ಇಲ್ಲಿ ಬರೆದಿಡುತ್ತೇನೆ. ಈ ಊರಿನಲ್ಲಿ ನಮ್ಮ ಕೇರಿಯವಳೊಬ್ಬಳ ಕೈಗೆ ಸರ್ಕಾರಿ ಕೋಣೆಯ ಕೀಲಿ ಬರಲು ಎಷ್ಟು ವರ್ಷ ಹಿಡಿಯಿತು ಎಂದು ಅವರಿಗೆ ಗೊತ್ತಿಲ್ಲ.

ಲಾಂಛನಕ್ಕೆ ಇನ್ನೂ ಏನೂ ಹೊಳೆದಿಲ್ಲ.

ಜುಲೈ 26, ಭಾನುವಾರ. ದೇವದುರ್ಗ

ತಮ್ಮ ವೆಂಕೋಬನ ಮನೆಯಲ್ಲಿದ್ದೇನೆ. ಅವ್ವ ಅಂಗಳದಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಬೆಳಿಗ್ಗೆ ವೆಂಕೋಬನ ಹೆಂಡತಿ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಚಾಪೆಗೆ ಚುಚ್ಚಿಟ್ಟು ಕೂಲಿಗೆ ಹೋಗುತ್ತಾಳೆ. ಅವ್ವ ಒಂದೊಂದನ್ನೇ ತಡವಿ ತೆಗೆದುಕೊಳ್ಳುತ್ತಾಳೆ. ಹಳೆಯ ಸೀರೆ, ಅಂಗಿಯ ತೋಳು, ಯಾರದೋ ಪ್ಯಾಂಟಿನ ಕಾಲು, ಎಲ್ಲ ಒಂದರ ಮೇಲೊಂದು. ಮೊದಲು ಹೊರ ಅಂಚಿನ ಸುತ್ತ ಹೊಲಿಗೆ, ಅದರೊಳಗೆ ಬೆರಳಷ್ಟು ಬಿಟ್ಟು ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು. ಹಾಗೆ ಸುತ್ತುತ್ತ ನಡುವಿಗೆ ಬರುತ್ತಾಳೆ.

“ನಡುವಿನಿಂದ ಯಾಕ ಸುರು ಮಾಡಂಗಿಲ್ಲ ಅವ್ವ?” ಎಂದೆ. ನಲವತ್ತು ವರ್ಷ ನೋಡಿದ್ದೇನೆ, ಕೇಳಿದ್ದು ಇವತ್ತೇ.

“ನಡುವಿನಿಂದ ಹೊಂಟ್ರ ಅರಿವಿ ಉಬ್ಬತದ. ಅಂಚು ಹೊಂದಂಗಿಲ್ಲ. ಅಂಚು ಮೊದಲ ಹಿಡೀಬೇಕು, ನಡು ಎಲ್ಲಿ ಹೋಗ್ತದ?”

ಕೊನೆಯ ಸುತ್ತಿಗೆ ಮೊದಲು ನಡುವಿನ ಸಣ್ಣ ಚೌಕದೊಳಗೆ ಒಂದು ಚೂರು ಒಣರೊಟ್ಟಿ ಇಟ್ಟು ಹೊಲಿಗೆ ಮುಚ್ಚಿದಳು. ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲ ಎಂದು ಅವಳ ನಂಬಿಕೆ. ನಾನು ಹುಟ್ಟಿದಾಗ ಹೊಲಿದ ಕೌದಿ ಇನ್ನೂ ಟ್ರಂಕಿನಲ್ಲಿದೆ. ತೆಗೆದು ಎಣಿಸಿದೆ. ಇಪ್ಪತ್ತೈದು ಸುತ್ತು.

ಚೌಕದೊಳಗೆ ಚೌಕ. ಪ್ರತಿ ಸಲ ಒಂದೇ ಅಳತೆ ಕಡಿಮೆ. ಇದನ್ನೇ ಅಲ್ಲವೇ ನಾನು ಬೇಸಿಕ್ಕಿನಲ್ಲಿ ‘ಇಷ್ಟರಿಂದ ಇಷ್ಟರವರೆಗೆ ಮತ್ತೆ ಮತ್ತೆ ಮಾಡು’ ಎಂದು ಎರಡು ಸಾಲಿನಲ್ಲಿ ಕಲಿಸುವುದು? ಬಸ್ಸಿಗೆ ಕಾಯದೆ ಇವತ್ತು ಇಲ್ಲೇ ಉಳಿದೆ. ಕೌದಿಯನ್ನು ಮೊಣಕಾಲ ಮೇಲೆ ಹರಡಿಕೊಂಡು ಬರೆಯುತ್ತಿದ್ದೇನೆ. ಬಹಳ ದಿನದ ಮೇಲೆ ಎದೆ ಹಗುರವಾಗಿದೆ.

ಜುಲೈ 30, ಗುರುವಾರ

ಬಂತು. ಏಳೇ ಸಾಲಿನ ಪ್ರೋಗ್ರಾಮು. ಪರದೆಯ ನಡುವಿನಿಂದ ಅಂಚಿಗೆ ಐದುನೂರು ಅಳತೆ. ಅಲ್ಲಿಂದ ಶುರುವಾಗಿ ಇಪ್ಪತ್ತಿಪ್ಪತ್ತು ಕಡಿಮೆಯಾಗುತ್ತ ಇಪ್ಪತ್ತಕ್ಕೆ ಬಂದು ನಿಲ್ಲುತ್ತದೆ. ಸರಿಯಾಗಿ ಇಪ್ಪತ್ತೈದು ಚೌಕ. ಈ ಯಂತ್ರದಲ್ಲಿ ಚುಕ್ಕಿಗೆರೆ ಎಳೆಯಲು ಬೇರೆಯೇ ಅಪ್ಪಣೆ ಇದೆ. ಅದನ್ನು ಕೊಟ್ಟರೆ ಗೆರೆ ಥೇಟು ಅವ್ವನ ಹೊಲಿಗೆ. ಪ್ರತಿ ಚೌಕಕ್ಕೂ ಒಂದು ಗಳಿಗೆ ತಡೆಯಿಟ್ಟೆ, ಕೈ ಹೊಲಿದಂತೆ ಕಾಣಲಿ ಎಂದು. ನಡುವೆ ಒಂದು ತುಂಬಿದ ಚೌಕ, ರೊಟ್ಟಿ.

ಶಂಶುದ್ದೀನ್ ಕಚೇರಿ ಮುಗಿಸಿ ಬಂದು ನೋಡಿದರು. ಆಮೇಲೆ, “ರೊಟ್ಟಿ ಅಂತೀರಿ, ಬಿಸ್ಕೀಟ್ ಕಂಡಂಗ ಕಾಣ್ತದ. ಉಳದದ್ದಕ್ಕ ಹೆಸರಿಡಂಗಿಲ್ಲ ಮೇಡಂ” ಎಂದರು.

ನಾಲ್ಕು ಮೂಲೆ ನೋಡಲು ನಾಲ್ಕು ಸಲ ತಲೆ ತಿರುಗಿಸಬೇಕಾಗುತ್ತದೆ. ಕಂಪ್ಯೂಟರಿಗೆ ಪರದೆಯಾಗಿರುವ ಟಿ.ವಿ. ತೀರ ಹತ್ತಿರ ಇಟ್ಟಿದ್ದಾರೆ.

ಆಗಸ್ಟ್ 2, ಭಾನುವಾರ

ಸಭೆಯಲ್ಲಿ ಹಿರಿಯರೊಬ್ಬರು, “ಕಂಪ್ಯೂಟರಿಗೆ ಹರಕ ಅರಿವಿ ಗುರ್ತಾ? ಭೂಗೋಳ ಹಾಕ್ರಿ, ಸರಸ್ವತಿ ಹಾಕ್ರಿ. ನೋಡಿದವ್ರು ಏನಂದಾರು” ಎಂದರು.

ಕನಕರಾಯ ಕೂತಲ್ಲಿಂದಲೇ ಕೇಳಿದ, “ನೀವು ಹುಟ್ಟಿದ ದಿನ ನಿಮ್ಮನ್ನ ಭೂಗೋಳದಾಗ ಸುತ್ತಿದ್ರೇನ್ರೀ ಸರ?”

ನಗು ನಿಲ್ಲುವ ಹೊತ್ತಿಗೆ ಕೌದಿ ಗೆದ್ದಿತ್ತು. ನಾನು ನಗಲಿಲ್ಲ. ಚಿಕ್ಕವಳಿದ್ದಾಗ ಅವ್ವನ ಜೊತೆ ಹೊಲಿದ ಕೌದಿ ಕೊಡಲು ದೊಡ್ಡವರ ಮನೆಗಳಿಗೆ ಹೋಗುತ್ತಿದ್ದೆ. ಕಟ್ಟೆಯ ಮೇಲೆ ಇಟ್ಟು ನಾವು ಹಿಂದೆ ಸರಿಯಬೇಕು. ಅವರು ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಆ ಕೌದಿ ಈಗ ಮೂರು ತಾಲೂಕಿನ ಮೇಷ್ಟ್ರುಗಳ ಪತ್ರಿಕೆಯ ತಲೆಯ ಮೇಲೆ ಕೂರುತ್ತದೆ. ಇದು ಮುಗಿಯುವವರೆಗೆ ನನಗೆ ಬೇರೆ ಯಾವುದೂ ಬೇಡ.

ಸೆಪ್ಟೆಂಬರ್ 6, ಭಾನುವಾರ

ಎದುರು ಮನೆಯ ಆದೆಮ್ಮ ಮೊಸರು ಕೊಡಲು ಬಂದವಳು ಮುಖ ಗಂಟು ಹಾಕಿಕೊಂಡಿದ್ದಳು. “ನಿನ್ನಿ ಸಂತ್ಯಾಗ ಬಾಜೂಕ ನಿಂತು ಎರಡು ಸಲ ಕೈ ಮಾಡಿದೆ ಯಕ್ಕಾ. ಹಂಗ ದಾಟಿ ಹೋದ್ರಿ. ಕಂಪ್ಯೂಟರ್ ಕಲ್ತ ಮ್ಯಾಲ ನಾವು ಕಾಣಂಗಿಲ್ಲೇನ್ರಿ?”

ಏನೋ ಯೋಚನೆಯಲ್ಲಿದ್ದೆ ಎಂದೆ. ಯೋಚನೆಯಲ್ಲೇ ಇದ್ದೆ. ಲಾಂಛನದ ಹೊರಗಿನ ಸುತ್ತುಗಳು ಯಾಕೋ ಮನಸ್ಸಿಗೆ ಬರುತ್ತಿಲ್ಲ. ಇವೆಯೋ ಇಲ್ಲವೋ ಎನ್ನುವ ಹಾಗಿವೆ. ಕಲೆಯಲ್ಲಿ ಬಿಡುವುದೂ ಒಂದು ವಿದ್ಯೆ. ಐದುನೂರನ್ನು ಮುನ್ನೂರು ಮಾಡಿದೆ. ಹದಿನೈದು ಸುತ್ತು ಉಳಿದವು. ಎಷ್ಟೋ ಹದವಾಯಿತು.

ಈಚೆಗೆ ಚಿಕ್ಕ ಸಾಲಿನ ಪದ್ಯಗಳು ರುಚಿಸುತ್ತಿವೆ. ಉದ್ದ ಸಾಲು ಬರೆಯುವವರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಓದುತ್ತ ಓದುತ್ತ ಮುಂದಿನ ಸಾಲಿನ ಮೊದಲೇ ಕಳೆದುಹೋಗುತ್ತದೆ.

ಮೊಣಕೈ ಬಾಗಿಲಿನ ಚೌಕಟ್ಟಿಗೆ ತಾಗಿ ಬಾತಿದೆ.

ಸೆಪ್ಟೆಂಬರ್ 20, ಭಾನುವಾರ

ಶಂಶುದ್ದೀನ್ ಮನೆಗೆ ಬಂದಿದ್ದರು. ಚಹಾ ಕೊಟ್ಟೆ. ನನ್ನ ಕಪ್ಪನ್ನು ಮೇಜಿನ ಮೇಲೆ ಇಡಲು ಹೋದರೆ ಮೇಜು ಅಲ್ಲಿಯವರೆಗೆ ಇರಲಿಲ್ಲ, ಕಪ್ಪು ನೆಲಕ್ಕೆ ಬಿತ್ತು. ಅವರು ಚೂರು ಆರಿಸಿ ಎದ್ದರು. ಕೈಯಲ್ಲಿ ಮೇಜಿನ ಮೇಲಿದ್ದ ಡಾಕ್ಟರ ಚೀಟಿ.

“ದಸರಾದೊಳಗ ಅಂತ ಬರದದ ಮೇಡಂ. ಇನ್ನ ಹತ್ತ ದಿನ ಅದ.”

“ಬೇರೆಯವರ ಕಾಗದ ಓದಬಾರದು.”

“ಬೈರಿ. ಆದ್ರ ನಾ ಹೈದರಾಬಾದಿಗೆ ಬರ್ತೀನಿ. ನನ್ನ ಭಾವನ ಮನಿ ಅಲ್ಲೇ ಅದ, ಊಟಕ್ಕ ತ್ರಾಸಿಲ್ಲ. ರಜಾ ಹಾಕ್ತೀನಿ.”

ಸಮ್ಮೇಳನ ಮುಗಿಯಲಿ ಎಂದೆ. ಈಗ ಹೋದರೆ ಒಂದು ತಿಂಗಳು ಕಣ್ಣಿಗೆ ಕಟ್ಟು, ಕೀಲಿ ಬೇರೆಯವರಿಗೆ, ಲಾಂಛನ ಭೂಗೋಳವಾಗುತ್ತದೆ. ಎರಡು ತಿಂಗಳಲ್ಲಿ ಏನು ಮಹಾ ಆಗುತ್ತದೆ? ದಿನವೂ ಹನಿ ಹಾಕುತ್ತಿದ್ದೇನಲ್ಲ.

ಅವರು ಹೋಗುವಾಗ ಒಂದೇ ಮಾತು ಕೇಳಿದರು. “ಇಪ್ಪತ್ತೈದು ಸುತ್ತಿನದು ಯಾಕ ಸಣ್ಣದು ಮಾಡಿದ್ರಿ ಮೇಡಂ?”

ಅದು ಚೆನ್ನಾಗಿ ಕಾಣುತ್ತಿರಲಿಲ್ಲ ಎಂದೆ. ಅವರ ಮುಂದೆಯೇ ಮತ್ತೂ ಕಡಿಮೆ ಮಾಡುವೆನೆಂದು ಹಟದಿಂದ ಹೇಳಿದೆ. ಇನ್ನೂರು. ಹತ್ತು ಸುತ್ತು.

ಅಕ್ಟೋಬರ್ 1, ಗುರುವಾರ. ದೇವದುರ್ಗ

ದಸರೆ ರಜೆ. ಹೈದರಾಬಾದಿನ ಬಸ್ಸು ಹತ್ತಬೇಕಾದವಳು ದೇವದುರ್ಗದ ಬಸ್ಸು ಹತ್ತಿದೆ.

ಒಳಗೆ ಕಾಲಿಡುವಾಗ ಬಾಗಿಲ ಬದಿಯ ಕೊಡ ಉರುಳಿತು.

“ಸೂಗಿನಾ?” ಎಂದಳು ಅವ್ವ.

“ಹೂಂ ಅವ್ವ. ಕೊಡ ದಾರ್ಯಾಗ ಇಟ್ಟಾರ ನೋಡು.”

“ಕೊಡ ದಿನಾ ಅಲ್ಲೇ ಇರ್ತದ.” ಕೈಯಲ್ಲಿದ್ದ ಸೂಜಿಯನ್ನು ಚಾಪೆಗೆ ಚುಚ್ಚಿದಳು. “ಮೊದಲ ತೋಳು ಬಾಗಲಕ್ಕ ಬಡೀತು, ಕೇಳೀನಿ. ಆಮ್ಯಾಲ ಕೊಡ. ಆಮ್ಯಾಲ ಬೆಕ್ಕು ಒದರ್ತು. ಯಾವಾಗಿಂದ?”

“ಏನು ಯಾವಾಗಿಂದ?”

“ನನಗ ಹಿಂಗ ಸುರು ಆಗಿತ್ತು. ಮಂದಿ ಸಾಮಾನ ಜರಗ್ಸ್ಯಾರ ಅಂತ ಎಲ್ಲಾರ ಮ್ಯಾಲ ಒದರ್ತಿದ್ದೆ. ನಿಮ್ಮಪ್ಪಗ ಬೈದು ಬೈದು ಸಾಕು ಮಾಡಿದ್ದೆ. ಜರಗಿದ್ದು ಸಾಮಾನ ಅಲ್ಲ.”

ಹನಿಯಿಂದ ಮಂಜು ಬರುತ್ತದೆ, ಡಾಕ್ಟರು ನೋಡುತ್ತಿದ್ದಾರೆ, ನವೆಂಬರ್ ಮುಗಿದ ಮೇಲೆ ಆಪರೇಷನ್ ಎಂದೆಲ್ಲ ಹೇಳಿದೆ. ಅವಳ ಕೌದಿಯೇ ಲಾಂಛನ ಆಗಿದೆ ಎಂದೂ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನು ಎರಡೂ ಕೈಯಿಂದ ತಡವಿದಳು, ಬಟ್ಟೆಯ ಅಂಚು ಹುಡುಕುವ ಹಾಗೆ.

“ನನಗ ಸೂಜಿ ಇತ್ತು” ಎಂದಳು. “ನಿನಗ ಅಕ್ಷರ ಬಿಟ್ರ ಏನದ?”

ಅಕ್ಟೋಬರ್ 4, ಭಾನುವಾರ

ರಾಯಚೂರಿಗೆ ಬಂದೆ. ಸಭೆಗೆ ಹೋಗಲಿಲ್ಲ. ಏನೂ ಬರೆಯುವ ಮನಸ್ಸಿಲ್ಲ.

ನವೆಂಬರ್ 8, ಭಾನುವಾರ

ಈ ಹೊಸ ನೋಟುಬುಕ್ಕಿನ ಗೆರೆಗಳನ್ನು ತೀರ ತಿಳಿಯಾಗಿ ಅಚ್ಚು ಹಾಕಿದ್ದಾರೆ. ಹಿಂದಿನ ಪುಟ ನೋಡಿದರೆ ಒಂದು ಸಾಲಿನ ಮೇಲೆ ಇನ್ನೊಂದು ಹತ್ತಿ ಕೂತಿದೆ.

ಲಾಂಛನ ಇವತ್ತು ಮುಗಿಯಿತು. ನೂರಾ ಇಪ್ಪತ್ತರಿಂದ ಶುರು. ಆರೇ ಸುತ್ತು, ನಡುವೆ ರೊಟ್ಟಿ. ಎಷ್ಟು ದಿನದಿಂದ ಏನು ಕೊರತೆ ಎಂದು ಒದ್ದಾಡುತ್ತಿದ್ದೆನೋ ಅದು ಈಗ ಸರಿಹೋಯಿತು. ತಲೆ ಅಲ್ಲಾಡಿಸದೆ ಒಂದೇ ನೋಟಕ್ಕೆ ಪೂರ್ತಿ ಸಿಗುತ್ತದೆ. ಪರದೆಯ ನಡುವೆ ಅಂಗೈಯಷ್ಟು. ಸುತ್ತ ಮೌನ.

ಶಂಶುದ್ದೀನ್ ನೋಡಿ, “ಇದು ಕೌದಿ ಅಲ್ಲ ಮೇಡಂ, ಕರವಸ್ತ್ರ ಆತು” ಎಂದರು. ನಗಲು ಶುರುಮಾಡಿದವರು ನಡುವೆಯೇ ನಿಲ್ಲಿಸಿದರು.

“ಪೂರ್ತಿ ಕಾಣಬೇಕು ಶಂಶುದ್ದೀನ್. ಇದು ಪೂರ್ತಿ ಕಾಣುತ್ತೆ.”

“ಹೌದ್ರೀ ಮೇಡಂ.”

“ಅವತ್ತಿಂದ ಹೈದರಾಬಾದ್ ಅನ್ನಲಿಲ್ಲ ನೀವು.”

“ನೀವು ಬೈತೀರಿ ಅಂತ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು.”

ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಮು ತುಂಬಿ ಅವರ ಕೈಗೆ ಕೊಟ್ಟೆ. ಅಮೀರ್ ಸಾಬ್ ಅದನ್ನು ಹೊಸ ವರ್ಷದ ಗೋಡೆ ಕ್ಯಾಲೆಂಡರಿನ ಮೇಲೆ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಬಳಗದವರಿಗೆಲ್ಲ ಹಂಚುತ್ತಾರಂತೆ. ಕೆಳಗೆ ಸಣ್ಣದಾಗಿ, ‘ದೇವದುರ್ಗದ ಗೋಪಮ್ಮನವರ ಕೌದಿಯಿಂದ’ ಎಂದು ಹಾಕಿಸಿ ಎಂದೆ. ಅವ್ವನ ಹೆಸರು ಅಚ್ಚಾಗುವುದು ಇದೇ ಮೊದಲು. ಮತದಾರರ ಪಟ್ಟಿಯಲ್ಲೂ ಅದನ್ನು ತಪ್ಪಾಗಿ ಬರೆದಿದ್ದಾರೆ.

ಬಸ್ಸಿನಲ್ಲಿ ಕಂಡಕ್ಟರು ಚೀಟಿ ಹಿಡಿದು ನಿಂತದ್ದು ಗೊತ್ತಾಗದೆ ಕೂತಿದ್ದೆ. “ಮಲಗೀರೇನ್ರಿ ಯವ್ವಾ, ಕಣ್ ತೆರ್ಕೊಂಡು” ಎಂದ. ಎಲ್ಲರೂ ನಕ್ಕರು.

ನವೆಂಬರ್ 29, ಭಾನುವಾರ. ಮಾನ್ವಿ

ಕನಕರಾಯನ ಶಾಲೆಯ ದೊಡ್ಡ ಕೋಣೆ. ಕಲ್ಲೂರಿನಿಂದ, ನೀರಮಾನ್ವಿಯಿಂದ ಕೂಡ ಮೇಷ್ಟ್ರುಗಳು ಬಂದಿದ್ದರು. ಹೊರಗೆ ಭತ್ತದ ತೌಡಿನ ವಾಸನೆ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಎಲೆಯ ಮೇಲೆ ಏನೇನು ಬಡಿಸಿದ್ದಾರೆಂದು ಕನಕರಾಯ ನನ್ನ ಪಕ್ಕದಲ್ಲೇ ಕೂತು ಒಂದೊಂದಾಗಿ ಹೇಳಿದ. ಯಾಕೆ ಹೇಳುತ್ತಾನೆ ಎಂದು ಕೇಳಲಿಲ್ಲ.

ಟಿ.ವಿ.ಯನ್ನು ಮೇಜಿನ ಮೇಲೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿದ್ದರು. ನಾನು ಕೀಲಿಮಣೆಯ ಮುಂದೆ ಕೂತು, ಬೆರಳಿಗೆ ಗೊತ್ತಿರುವ ಅಕ್ಷರಗಳನ್ನು ಒತ್ತಿದೆ.

ಪರದೆ ಖಾಲಿ.

ಕ್ಯಾಸೆಟ್ಟು ಕೆಟ್ಟಿದೆ ಎಂದುಕೊಂಡೆ. ಹಿಂದಿನಿಂದ ಯಾರೋ “ಒಂದು” ಎಂದರು. ಇನ್ನೊಬ್ಬರು “ಎರಡು” ಎಂದರು. ಆಮೇಲೆ ಇಡೀ ಕೋಣೆ ಎಣಿಸತೊಡಗಿತು. ಐದು, ಆರು, ಏಳು. ಪರದೆ ಇನ್ನೂ ಖಾಲಿಯೇ. ಲಾಂಛನ ಬರುವುದು ತಡವಾಯಿತೆಂದು ಗೇಲಿ ಮಾಡುತ್ತಿದ್ದಾರೆ ಎನಿಸಿತು. ಎದ್ದು ಕ್ಷಮೆ ಕೇಳಿಬಿಡಲೇ ಎಂದು ಕುರ್ಚಿ ಹಿಂದೆ ಸರಿಸಿದೆ. ಶಂಶುದ್ದೀನ್ ಹೆಗಲ ಮೇಲೆ ಕೈಯಿಟ್ಟು, “ಕೂಡ್ರಿ ಮೇಡಂ, ಬರಾಕತ್ತದ” ಎಂದರು. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತು ಎನ್ನುವ ಹೊತ್ತಿಗೆ ಕತ್ತಲಿನಿಂದ ನನ್ನ ಮೊದಲ ಚೌಕ ಬಂತು. ಆಮೇಲೆ ಎರಡನೆಯದು. ಒಟ್ಟು ಆರು, ನಡುವೆ ರೊಟ್ಟಿ. ನಾನು ಮಾಡಿದ ಹಾಗೆಯೇ ಇತ್ತು. ಅವರ ಎಣಿಕೆ ಇಪ್ಪತ್ತೈದಕ್ಕೆ ನಿಂತಿತು.

ಆಮೇಲೆ ಚಪ್ಪಾಳೆ. ಬಹಳ ಹೊತ್ತು. ಆಗಸ್ಟಿನಲ್ಲಿ ಹರಕು ಬಟ್ಟೆ ಎಂದಿದ್ದ ಹಿರಿಯರು ಹತ್ತಿರ ಬಂದು, “ನಮ್ಮವ್ವನೂ ಹೊಲೀತಿದ್ಲರೀ” ಎಂದರು. ಅಂಗೈಯಷ್ಟು ಗುರುತಿಗೆ ಇಷ್ಟು ಕರಗುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಶಂಶುದ್ದೀನ್ ಬಂದರು. “ನಿಮ್ಮ ಪ್ರೋಗ್ರಾಮಿನಾಗ ಒಂದು ಅಂಕಿ ಬದಲು ಮಾಡೀನಿ ಮೇಡಂ. ಬೈಯೋದಿದ್ರ ಮನಿಗೆ ಹೋಗಿ ಬೈರಿ” ಎಂದರು. ತಡೆಯ ಅಂಕಿ ಇರಬೇಕು, ಅದಕ್ಕೇ ಅಷ್ಟು ಹೊತ್ತು ಖಾಲಿ ಇತ್ತು. ಪರವಾಗಿಲ್ಲ ಎಂದೆ. ಅಮೀರ್ ಸಾಬರ ಕ್ಯಾಲೆಂಡರನ್ನು ಸುರುಳಿ ಸುತ್ತಿ ದಾರ ಕಟ್ಟಿ ಕೈಗಿತ್ತರು. ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕೈ ಹಿಡಿದರು. ನಾನು ಕೊಸರಲಿಲ್ಲ.

ಡಿಸೆಂಬರ್ 10, ಗುರುವಾರ. ಹೈದರಾಬಾದ್

ವೆಂಕೋಬ ಜೊತೆಗಿದ್ದಾನೆ. ಒಂದು ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಹೇಳಬೇಕು. ಬಹಳ ಹೊತ್ತು ಚುಕ್ಕಿಯೇ ಬರಲಿಲ್ಲ. ಯಂತ್ರ ಕೆಟ್ಟಿದೆ ಎಂದೆ.

ಆಮೇಲೆ ಡಾಕ್ಟರು ಕಾಗದ ತೋರಿಸಿದರು. ಹಾಳೆಯ ತುಂಬ ಕಪ್ಪು, ನಡುವೆ ಗುಂಡಿಯಷ್ಟು ಬಿಳಿ. ಇದು ಬಲಗಣ್ಣು. ಎಡಗಣ್ಣಿನ ಹಾಳೆಯನ್ನು ತೋರಿಸಲೇ ಇಲ್ಲ. ಜುಲೈಯಲ್ಲಿ ಯಾಕೆ ಬರಲಿಲ್ಲ ಎಂದು ಕೇಳಿದರು. ಕೆಲಸ ಇತ್ತು ಎಂದೆ. ಏನು ಕೆಲಸ ಎಂದು ಅವರು ಕೇಳಲಿಲ್ಲ.

ನಾಳೆ ಬಲಗಣ್ಣಿಗೆ ಆಪರೇಷನ್. ಗುಂಡಿಯಷ್ಟು ಉಳಿದೀತು ಎನ್ನುತ್ತಾರೆ. ಖಾತ್ರಿ ಕೊಡುವುದಿಲ್ಲ.

ಆ ಸಾಲು ಇನ್ನೂ ಸಿಕ್ಕಿಲ್ಲ. ಇನ್ನು ಹುಡುಕುವುದಿಲ್ಲ.

1988 ಜನವರಿ 3, ಭಾನುವಾರ

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಪುಟಕ್ಕೆ ನಾಲ್ಕು ಸಾಲು ಹಿಡಿಯುತ್ತದೆ.

ಕಟ್ಟು ಬಿಚ್ಚಿದ್ದಾರೆ. ಗುಂಡಿ ಉಳಿದಿದೆ. ಕೀಲಿ ಒಪ್ಪಿಸಿದೆ. ಪ್ರಿನ್ಸಿಪಾಲರು ಸಹಿ ಹಾಕುವ ಜಾಗಕ್ಕೆ ನನ್ನ ಬೆರಳನ್ನು ಒಯ್ದು ತೋರಿಸಿದರು.

ಮಾನ್ವಿಯಿಂದ ತಂದ ಸುರುಳಿ ಕಪಾಟಿನ ಮೇಲೆ ಹಾಗೇ ಇತ್ತು, ದಾರ ಬಿಚ್ಚಿರಲಿಲ್ಲ. ಬೆಳಿಗ್ಗೆ ಆದೆಮ್ಮ ಮೊಸರು ತಂದಾಗ ಅವಳ ಕೈಗೆ ಕೊಟ್ಟೆ. “ಗೋಡೆಗೆ ಹಾಕು ಆದೆಮ್ಮ. ನಮ್ಮವ್ವನ ಕೌದಿ ಅದರ ಮೇಲೆ ಇದೆ. ನಡುವೆ ಅಂಗೈಯಷ್ಟು ಇರ್ತದೆ ನೋಡು, ಸಣ್ಣದು. ನಾನೇ ಮಾಡಿದ್ದು.”

ಬೆಳಕಿಗೆಂದು ಅವಳು ಬಾಗಿಲಿಗೆ ಹೋಗಿ ದಾರ ಬಿಚ್ಚಿದಳು. ಕಾಗದ ಹರಡಿದ ಸದ್ದಾಯಿತು. ಆಮೇಲೆ ಅವಳು ಪಿಸುದನಿಯಲ್ಲಿ ಎಣಿಸಿದಳು, ಇಪ್ಪತ್ತೈದರವರೆಗೆ.

“ಸಣ್ಣದು ಅಂದ್ರೆಲ್ಲ ಯಕ್ಕಾ” ಎಂದಳು. “ಇದು ಹಾಳಿ ತುಂಬ ಅದ. ಮೂಲಿ ತನಕ ಅದ.”